ಫ್ರೀ ಸೆಟ್ ಟಾಪ್ ಬಾಕ್ಸ್ ಅಂತ ಆಧಾರ್ ಜೆರಾಕ್ಸ್ ಕೇಳ್ತಿದ್ದಾರೆ, ನಿಜಾನಾ?

ಸುರಪುರದವನು:

ನಮಸ್ಕಾರ ಎಲ್ಲರಿಗೂ. ನಮ್ಮದು ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಕೆಲಸಕ್ಕಾಗಿ ಬೆಂಗಳೂರಲ್ಲಿದ್ದೇನೆ, ಊರಲ್ಲಿ ಅವ್ವ ಒಬ್ಬಳೇ. ಹೋದ ವಾರ ಯಾರೋ ಬೈಕಲ್ಲಿ ಬಂದು "ಕೇಂದ್ರ ಸರ್ಕಾರದಿಂದ ಡಿಶ್ಶು, ಬಾಕ್ಸು ಎರಡೂ ಪುಕ್ಕಟೆ ಬರ್ತದ, ಆಧಾರ್ ಜೆರಾಕ್ಸು, ಪಾಸ್‌ಬುಕ್ ಜೆರಾಕ್ಸು, ಫಾರಂ ಖರ್ಚಿಗೆ 300 ರೂಪಾಯಿ ಕೊಡ್ರಿ" ಅಂತ ಮನೆಮನೆಗೆ ಹೇಳಿ ಹೋಗಿದ್ದಾನೆ. ನಮ್ಮ ಓಣಿಯಲ್ಲಿ ಕೆಲವರು ಆಗಲೇ ಕೊಟ್ಟೂಬಿಟ್ಟಿದ್ದಾರೆ. ಅವ್ವ ಫೋನ್ ಮಾಡಿ ಕೇಳಿದಳು, ಸ್ವಲ್ಪ ತಡಿ, ವಿಚಾರಿಸಿ ಹೇಳ್ತೀನಿ ಅಂದಿದ್ದೇನೆ.

ಮನೆಯಲ್ಲಿರೋದು ಹಳೇ ಡಬ್ಬಾ ಟಿವಿ. ಮೊದಲು ಮಾಳಿಗೆ ಮೇಲೆ ಆಂಟೆನಾ ಇತ್ತು, ದೂರದರ್ಶನ, ಚಂದನ ಬರ್ತಿತ್ತು. ಕೆಲವು ವರ್ಷದ ಹಿಂದೆ ಅದು ಬರೋದು ನಿಂತಿತು, ಆಮೇಲೆ ಕೇಬಲ್ ಹಾಕಿಸಿದೆವು. ಅವ್ವ ನೋಡೋದು ಚಂದನ, ಒಂದಷ್ಟು ಭಜನೆ, ಸುದ್ದಿ ಅಷ್ಟೇ. ಅದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟೋದು ಅವಳಿಗೆ ಸಂಕಟ.

ಎರಡು ಪ್ರಶ್ನೆ. ಒಂದು, ಇಂಥ ಸ್ಕೀಮ್ ನಿಜವಾಗಲೂ ಇದೆಯಾ ಅಥವಾ ಟೋಪಿ ಹಾಕ್ತಿದ್ದಾರಾ? ಎರಡು, ನನ್ನ ರೂಮ್‌ಮೇಟ್ ಹೇಳ್ತಾನೆ, ಅಮೆರಿಕದಲ್ಲಿ ಟಿವಿ ಡಿಜಿಟಲ್ ಆದಾಗ ಸರ್ಕಾರವೇ ಮನೆಮನೆಗೆ ಕೂಪನ್ ಕಳಿಸಿತ್ತಂತೆ. ಹಾಗಿದ್ದರೆ ನಮ್ಮಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಮಾಡಿದಾಗ ಯಾಕೆ ನಯಾಪೈಸೆ ಕೊಡಲಿಲ್ಲ?

ಲಿಂಗಸುಗೂರು ಡಿಶ್:

ಅಣ್ಣಾ, ಸ್ಕೀಮ್ ನಿಜ, 300 ರೂಪಾಯಿ ಸುಳ್ಳು. ಅವ್ವಗೆ ಮೊದಲು ಫೋನ್ ಮಾಡಿ ಏನೂ ಕೊಡಬೇಡ ಅಂತ ಹೇಳಿ, ಆಮೇಲೆ ಮುಂದೆ ಓದಿ.

ಸ್ಕೀಮ್ ಹೆಸರು ಬಿಂಡ್. ಪೂರ್ತಿ ಹೆಸರು ಬ್ರಾಡ್‌ಕಾಸ್ಟಿಂಗ್ ಇನ್ಫ್ರಾಸ್ಟ್ರಕ್ಚರ್ ಅಂಡ್ ನೆಟ್‌ವರ್ಕ್ ಡೆವಲಪ್‌ಮೆಂಟ್. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು, 2025-26ರವರೆಗೆ ಒಟ್ಟು 2,539.61 ಕೋಟಿ ರೂಪಾಯಿ. ಈ ದುಡ್ಡೆಲ್ಲ ಬಾಕ್ಸ್ ಹಂಚೋಕೆ ಅಂದುಕೊಳ್ಳಬೇಡಿ. ದೂರದರ್ಶನ, ಆಕಾಶವಾಣಿಯ ಟ್ರಾನ್ಸ್‌ಮಿಟರ್, ಸ್ಟುಡಿಯೋ, ಕ್ಯಾಮೆರಾ ಎಲ್ಲ ಹೊಸದು ಮಾಡೋಕೆ ಇಟ್ಟಿದ್ದು. ಅದರೊಳಗೆ ಒಂದು ಭಾಗ, 8 ಲಕ್ಷಕ್ಕೂ ಹೆಚ್ಚು ಡಿಡಿ ಫ್ರೀ ಡಿಶ್ (ದೂರದರ್ಶನದವರದ್ದೇ ಪುಕ್ಕಟೆ ಡಿಶ್ ಸೇವೆ) ಬಾಕ್ಸ್‌ಗಳನ್ನು ಪುಕ್ಕಟೆ ಹಂಚೋದು. ಯಾರಿಗೆ ಅಂದರೆ ದೂರದ ಪ್ರದೇಶ, ಬುಡಕಟ್ಟು ಪ್ರದೇಶ, ನಕ್ಸಲ್ ಹಾವಳಿ ಇರುವ ಕಡೆ, ಗಡಿ ಭಾಗ, ಮತ್ತೆ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ಮಹತ್ವಾಕಾಂಕ್ಷೆಯ ಜಿಲ್ಲೆಗಳು ಅಂತ ಪಟ್ಟಿ ಮಾಡಿದ್ದಾರಲ್ಲ, ಅಲ್ಲಿಯವರಿಗೆ. ಕರ್ನಾಟಕದಿಂದ ಆ ಪಟ್ಟಿಯಲ್ಲಿರೋದು ಎರಡೇ, ನಮ್ಮ ರಾಯಚೂರು, ನಿಮ್ಮ ಯಾದಗಿರಿ. ಅದಕ್ಕೇ ಇಂಥ ಬೈಕ್ ಸವಾರರು ನಮ್ಮ ಕಡೆಗೇ ಬರೋದು. ಅರ್ಧ ನಿಜ ಕೈಯಲ್ಲಿದ್ದರೆ ಸುಳ್ಳು ಮಾರೋದು ಸುಲಭ.

ಈಗ ಲೆಕ್ಕ ಹಾಕಿ. ಅಂಥ ಜಿಲ್ಲೆಗಳು ದೇಶದಲ್ಲಿ 112 ಇವೆ. ಗಡಿ, ಬುಡಕಟ್ಟು ಎಲ್ಲ ಬಿಟ್ಟು 8 ಲಕ್ಷವನ್ನೂ ಈ 112ಕ್ಕೇ ಹಂಚಿದರೂ ಜಿಲ್ಲೆಗೆ ಏಳು ಸಾವಿರ ಚಿಲ್ಲರೆ ಬರುತ್ತದೆ. 2011ರ ಜನಗಣತಿಯಲ್ಲೇ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11.7 ಲಕ್ಷ ಇತ್ತು. ಹಂಗಿದ್ದ ಮೇಲೆ ಬೈಕಲ್ಲಿ ಬಂದು ಓಣಿಗೆ ಓಣಿಯೇ ಬರೆದುಕೊಂಡು ಹೋದರೆ ನಂಬೋದು ಹೇಗೆ?

ಇನ್ನೊಂದು. ಕೊಡೋದು ಬಾಕ್ಸು, ದುಡ್ಡಲ್ಲ. ಖಾತೆಗೆ ಏನೂ ಬೀಳಲ್ಲ ಅಂದ ಮೇಲೆ ಪಾಸ್‌ಬುಕ್ ಜೆರಾಕ್ಸ್ ಯಾಕೆ ಬೇಕು? ಅಲ್ಲೇ ಗೊತ್ತಾಗಲ್ವಾ? ಕೊಟ್ಟುಬಿಟ್ಟವರು ಬ್ಯಾಂಕಿಗೆ ಹೋಗಿ ಒಂದು ಮಾತು ಹೇಳಿ ಬರಲಿ, ಓಟಿಪಿ ಕೇಳಿ ಫೋನ್ ಬಂದರೆ ಕೊಡಬೇಡಿ ಅಂತ ಅವರಿಗೂ ಹೇಳಿ. ಸ್ಕೀಮ್ ಬಗ್ಗೆ ಪಂಚಾಯಿತಿಗೆ ಹೋಗಿ ಪಿಡಿಒ ಹತ್ರ ಕೇಳಿ, ಅಲ್ಲಿ ಆಗಲಿಲ್ಲ ಅಂದ್ರೆ ಡಿಸಿ ಕಚೇರಿ.

ಆದರೆ ನಿಜ ಹೇಳಲಾ, ಅವ್ವ ನೋಡೋದು ಚಂದನ, ಸುದ್ದಿ ಅಂದಿರಿ. ಸ್ಕೀಮಿಗೆ ಕಾಯಬೇಡಿ. ಫ್ರೀ ಡಿಶ್ ಯಾರು ಬೇಕಾದರೂ ಅಂಗಡಿಯಲ್ಲಿ ತಗೊಂಡು ಹಾಕಿಸಬಹುದು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ, ಆಧಾರೂ ಬೇಡ. ಡಿಶ್, ಬಾಕ್ಸ್, ವೈರ್, ಕೂಲಿ ಎಲ್ಲ ಸೇರಿ ನಮ್ಮ ಕಡೆ ಸಾವಿರದ ಐನೂರರಿಂದ ಎರಡು ಸಾವಿರದೊಳಗೆ ಮುಗಿಯುತ್ತದೆ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡಿ, ದೊಡ್ಡ ಕನ್ನಡ ಸೀರಿಯಲ್ ಚಾನೆಲ್‌ಗಳು ಅದರಲ್ಲಿ ಸಿಗಲ್ಲ, ಹಿಂದಿಯೇ ಜಾಸ್ತಿ. ಪಕ್ಕದ ಮನೆಯ ಸೀರಿಯಲ್ ಚಟ ಅವ್ವಗೂ ಹತ್ತಿದ್ದರೆ ಆಮೇಲೆ ನನ್ನನ್ನು ಬೈಬೇಡಿ.

ಒಂಟಿಕೊಪ್ಪಲ್ ಕೇಬಲ್:

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಮೈಸೂರಲ್ಲಿ ಕೇಬಲ್ ಆಪರೇಟರ್ ಆಗಿದ್ದವನು, ಈಗ ಬಿಟ್ಟಿದ್ದೇನೆ, ಹಂಗಾಗಿ ಯಾರ ಹಂಗೂ ಇಲ್ಲ.

ಕೇಬಲ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಡಿಜಿಟಲ್ ಕಡ್ಡಾಯ ಮಾಡಿದರು. ಮೊದಲ ಹಂತ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, 2012ರ ಅಕ್ಟೋಬರ್ 31. ಎರಡನೇ ಹಂತದಲ್ಲಿ 38 ನಗರ, ಕರ್ನಾಟಕದಿಂದ ಬೆಂಗಳೂರು ಮತ್ತೆ ನಮ್ಮ ಮೈಸೂರು, ಗಡುವು 2013ರ ಮಾರ್ಚ್ 31. ಉಳಿದ ಪಟ್ಟಣಗಳು ಮೂರನೇ ಹಂತ, ಹಳ್ಳಿಗಳು ನಾಲ್ಕನೇ ಹಂತ, ಅದು ಎಳೆದೂ ಎಳೆದೂ 2017ರ ಮಾರ್ಚ್‌ಗೆ ಬಂತು.

ನಮ್ಮ ಗಡುವಿನ ಆ 2013ರ ಮಾರ್ಚ್ ತಿಂಗಳು ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ. ಮೇಲಿನಿಂದ ಎಂಎಸ್‌ಒ (ನಮ್ಮಂಥ ಆಪರೇಟರ್‌ಗಳಿಗೆ ಚಾನೆಲ್ ಸಿಗ್ನಲ್ ಕೊಡುವ ದೊಡ್ಡ ಕಂಪನಿ) ಬಾಕ್ಸ್ ಕಳಿಸ್ತಿದ್ದ, ನಾವು ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ. ಪ್ರತಿ ಮನೆಯಲ್ಲೂ ಸಿಎಎಫ್ ಅಂತ ಒಂದು ಅರ್ಜಿ ತುಂಬಿಸಬೇಕು, ಹೆಸರು, ವಿಳಾಸ, ಬಾಕ್ಸ್ ನಂಬರ್, ಯಾವ ಪ್ಯಾಕ್. ಅದು ತುಂಬೋಕೆ ಕಾಲು ಗಂಟೆ, ಜಗಳಕ್ಕೆ ಅರ್ಧ ಗಂಟೆ. "ನೆನ್ನೆವರೆಗೆ ಚೆನ್ನಾಗೇ ಬರ್ತಿತ್ತಲ್ಲಪ್ಪ, ಈಗ್ಯಾಕೆ ಸಾವಿರ ರೂಪಾಯಿ ಕೊಡಬೇಕು?" ಇದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ. ಎರಡು ಟಿವಿ ಇದ್ದವರಿಗೆ ಎರಡು ಬಾಕ್ಸ್. ಬಾಡಿಗೆಗೆ ಪಡೆಯುವ ಅವಕಾಶ ನಿಯಮದಲ್ಲಿ ಇತ್ತು, ಆದರೆ ಅದನ್ನು ಕೇಳಿ ತಗೊಂಡವರನ್ನು ನಾನಂತೂ ನೋಡಲಿಲ್ಲ.

ಸಬ್ಸಿಡಿ ಕೇಳ್ತಿದ್ದೀರಲ್ಲ, ಇದನ್ನು ಕೇಳಿ. ನಮ್ಮ ಗಡುವಿಗೆ ಒಂದು ತಿಂಗಳಿದೆ ಅನ್ನುವಾಗ, 2013ರ ಫೆಬ್ರವರಿ ಕೊನೆಗೆ ಬಂದ ಬಜೆಟ್‌ನಲ್ಲಿ ಸೆಟ್ ಟಾಪ್ ಬಾಕ್ಸಿನ ಆಮದು ಸುಂಕವನ್ನು ಶೇ. 5ರಿಂದ 10ಕ್ಕೆ ಏರಿಸಿದರು. ದೇಶದಲ್ಲೇ ತಯಾರಾಗಲಿ ಅನ್ನೋ ಉದ್ದೇಶ ಅಂತೆ. ಉದ್ದೇಶ ಒಳ್ಳೇದೇ ಇರಬಹುದು, ಆದರೆ ಆಗ ಬರ್ತಿದ್ದ ಬಾಕ್ಸ್ ಮುಕ್ಕಾಲು ಪಾಲು ಚೀನಾದ್ದು. ಒಂದು ಕೈಲಿ ಕಡ್ಡಾಯ ಮಾಡು, ಇನ್ನೊಂದು ಕೈಲಿ ಸುಂಕ ಹಾಕು. ಸಬ್ಸಿಡಿ ಆ ಕಡೆ ಇರಲಿ, ಉಲ್ಟಾ ವಸೂಲಿ.

ಯಾಕೆ ಕೊಡಲಿಲ್ಲ ಅಂದರೆ, ನಮ್ಮ ಡಿಜಿಟಲ್ ಬದಲಾವಣೆ ಇಡೀ ಲೆಕ್ಕಪತ್ರದ ವ್ಯವಹಾರ. ಹಳೇ ಕೇಬಲ್ ಕಾಲದಲ್ಲಿ ಯಾವ ಆಪರೇಟರ್ ಎಷ್ಟು ಮನೆಗೆ ವೈರ್ ಎಳೆದಿದ್ದಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮೇಲಿನವರಿಗೆ ತೋರಿಸ್ತಿದ್ದುದು ಇದ್ದದ್ದರಲ್ಲಿ ಒಂದು ಪಾಲು ಮಾತ್ರ, ಈ ಫೀಲ್ಡಲ್ಲಿ ಇದ್ದವರಿಗೆಲ್ಲ ಗೊತ್ತಿರೋದೇ. ಹಂಗಾಗಿ ಚಾನೆಲ್‌ನವರಿಗೆ ದುಡ್ಡು ಬರ್ತಿರಲಿಲ್ಲ, ಸರ್ಕಾರಕ್ಕೆ ತೆರಿಗೆ ಬರ್ತಿರಲಿಲ್ಲ. ಬಾಕ್ಸ್ ಬಂದ ಮೇಲೆ ಪ್ರತಿ ಮನೆಗೂ ಒಂದು ನಂಬರ್ ಬಿತ್ತು, ಲೆಕ್ಕ ತಪ್ಪಿಸೋಕೆ ಆಗಲ್ಲ. ಲಾಭ ಆಗಿದ್ದು ಚಾನೆಲ್‌ನವರಿಗೆ, ಎಂಎಸ್‌ಒಗೆ, ತೆರಿಗೆ ಇಲಾಖೆಗೆ. ಬಾಕ್ಸಿನ ದುಡ್ಡು ಮಾತ್ರ ನೋಡುವವನ ಜೇಬಿಂದ. ಚಿತ್ರ ಚೆನ್ನಾಗಾಯ್ತು, ಚಾನೆಲ್ ಜಾಸ್ತಿ ಆಯ್ತು ಅನ್ನೋದು ನಿಜ, ಇಲ್ಲ ಅನ್ನಲ್ಲ.

ಟೆಕ್ಸಾಸ್ ಕನ್ನಡಿಗ:

ನಿಮ್ಮ ರೂಮ್‌ಮೇಟ್ ಹೇಳಿದ್ದು ಸರಿ. 2008ರಲ್ಲಿ ನಾನಿಲ್ಲಿ ಎಂಎಸ್ ಓದ್ತಿದ್ದೆ, ಅಪಾರ್ಟ್‌ಮೆಂಟಲ್ಲಿ ಯಾರೋ ಬಿಟ್ಟುಹೋದ ಹಳೇ ಟಿವಿ, ಅದರ ತಲೆ ಮೇಲೆ ಎರಡು ಕಡ್ಡಿಯ ಆಂಟೆನಾ. ಕೇಬಲ್ ಹಾಕಿಸೋಕೆ ವಿದ್ಯಾರ್ಥಿಗಳ ಹತ್ರ ಎಲ್ಲಿಯ ದುಡ್ಡು?

ಇಲ್ಲಿ ಆಗಿದ್ದು ಹೀಗೆ. ಕೇಬಲ್ ಅಲ್ಲ, ಗಾಳಿಯಲ್ಲಿ ಬರುವ ಪ್ರಸಾರವನ್ನೇ ಡಿಜಿಟಲ್ ಮಾಡಿದರು. ಹಳೇ ಟಿವಿಗೆ ಅದು ಅರ್ಥ ಆಗಲ್ಲ, ಮಧ್ಯೆ ಒಂದು ಕನ್ವರ್ಟರ್ ಬಾಕ್ಸ್ ಬೇಕು. ಅದಕ್ಕೆ ಸರ್ಕಾರ ಮನೆಗೆ ಎರಡರವರೆಗೆ ಕೂಪನ್ ಕೊಟ್ಟಿತು, ಒಂದೊಂದು 40 ಡಾಲರ್. 2008ರ ಜನವರಿ 1ರಿಂದ ಅರ್ಜಿ. ಕೂಪನ್ ಅಂದರೆ ಕಾಗದ ಅಲ್ಲ, ಗಿಫ್ಟ್ ಕಾರ್ಡ್ ತರಹದ ಪ್ಲಾಸ್ಟಿಕ್ ಕಾರ್ಡು, ಪೋಸ್ಟಲ್ಲಿ ಬರ್ತಿತ್ತು. ಅಂಗಡಿಯಲ್ಲಿ ಬಾಕ್ಸ್ ಐವತ್ತು ಅರವತ್ತು ಡಾಲರ್, ಕಾರ್ಡ್ ಉಜ್ಜಿ ಉಳಿದದ್ದು ಕೈಯಿಂದ ಹಾಕಬೇಕು. ಎರಡು ಕಾರ್ಡ್ ಸೇರಿಸಿ ಒಂದೇ ಬಾಕ್ಸ್ ತಗೊಳ್ಳೋಕೆ ಬಿಡ್ತಿರಲಿಲ್ಲ, ಅದನ್ನೂ ಮೊದಲೇ ಯೋಚಿಸಿದ್ದರು.

ತಮಾಷೆ ಏನಂದ್ರೆ ಕೂಪನ್ನಿಗೆ 90 ದಿನದ ಅವಧಿ. ಮುಂಚೆ ತರಿಸಿಕೊಂಡ ಎಷ್ಟೋ ಜನರದ್ದು ಡ್ರಾಯರಲ್ಲೇ ಸತ್ತುಹೋಯ್ತು. ಆದರೆ ಹಾಗೆ ಕಳಿಸಿದ ಕೂಪನ್ನಿನ ದುಡ್ಡು ಲೆಕ್ಕದಲ್ಲಿ ಬಂಧಿಯಾಗಿರ್ತಿತ್ತು, ಅವಧಿ ಮುಗಿಯುವವರೆಗೆ ಬೇರೆಯವರಿಗೆ ಕೊಡೋಕೆ ಆಗಲ್ಲ. ಕಾನೂನು ಕಾರ್ಯಕ್ರಮಕ್ಕೆ ಇಟ್ಟ ಮಿತಿ 1.5 ಬಿಲಿಯನ್ ಡಾಲರ್. 2009ರ ಜನವರಿಗೆ ಆ ಮಿತಿ ಮುಟ್ಟಿ ಹೊಸ ಅರ್ಜಿಗಳೆಲ್ಲ ವೇಟಿಂಗ್ ಲಿಸ್ಟಿಗೆ ಹೋದವು. ಹಳೇ ಪ್ರಸಾರ ನಿಲ್ಲಿಸಬೇಕಿದ್ದ ದಿನ 2009ರ ಫೆಬ್ರವರಿ 17. ಒಬಾಮ ಆಗಷ್ಟೇ ಬಂದಿದ್ದರು, ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಅವಸರದಲ್ಲಿ ಕಾನೂನು ಮಾಡಿ ಜೂನ್ 12ಕ್ಕೆ ಮುಂದೂಡಿತು, ಇನ್ನೊಂದು 650 ಮಿಲಿಯನ್ ಡಾಲರ್ ಸೇರಿಸಿತು. ಇಷ್ಟೆಲ್ಲ ಆದರೂ ಕೆಲವು ಸ್ಟೇಷನ್‌ಗಳು ಕಾಯದೆ ಫೆಬ್ರವರಿಯಲ್ಲೇ ಬಂದ್ ಮಾಡಿದವು.

ಕೂಪನ್ ಕೊಟ್ಟಿದ್ದು ಬಾಕ್ಸಿಗೆ ಮಾತ್ರ, ಆಂಟೆನಾಕ್ಕೆ ಅಲ್ಲ. ಹಳೇ ಪ್ರಸಾರದಲ್ಲಿ ಸಿಗ್ನಲ್ ಕಮ್ಮಿ ಇದ್ದರೆ ಮಳೆ ಸುರಿದಂತೆ ಚುಕ್ಕಿ ಬರ್ತಿತ್ತು, ಆದರೂ ಮುಖ ಕಾಣ್ತಿತ್ತು, ಮಾತು ಕೇಳ್ತಿತ್ತು. ಡಿಜಿಟಲ್‌ನಲ್ಲಿ ಬಂದರೆ ಚೊಕ್ಕವಾಗಿ ಬರುತ್ತದೆ, ಇಲ್ಲಾಂದ್ರೆ ಚೌಕ ಚೌಕ ಆಗಿ ನಿಂತೇ ಹೋಗುತ್ತದೆ. ಮಧ್ಯೆ ಏನೂ ಇಲ್ಲ. ನಮ್ಮ ಕೆಳಗಿನ ಮನೆಯ ಅಜ್ಜಿಗೆ ಬಾಕ್ಸ್ ಬಂದರೂ ಚಿತ್ರ ಬರಲಿಲ್ಲ, ಕೊನೆಗೆ ಕಿಟಕಿಗೆ ಹೊಸ ಆಂಟೆನಾ ಕಟ್ಟಿ ಚಾನೆಲ್ ಮತ್ತೆ ಸ್ಕ್ಯಾನ್ ಮಾಡಿಕೊಟ್ಟೆವು.

ಇನ್ನು ಯಾಕೆ ಕೊಟ್ಟರು ಅಂದ್ರೆ, ಧರ್ಮಕ್ಕಲ್ಲ. ಹಳೇ ಪ್ರಸಾರ ನಿಂತ ಮೇಲೆ 700 ಮೆಗಾಹರ್ಟ್ಸ್ ಸುತ್ತಲಿನ ತರಂಗಗಳು ಖಾಲಿಯಾಗ್ತವೆ. ಅದನ್ನು 2008ರಲ್ಲೇ ಹರಾಜು ಹಾಕಿದರು, ಸುಮಾರು 19 ಬಿಲಿಯನ್ ಡಾಲರ್ ಬಂತು, ಹೆಚ್ಚಿನ ಪಾಲು ವೆರೈಝನ್ ಮತ್ತು ಎಟಿ ಅಂಡ್ ಟಿ ಹಿಡಿದವು. ಮಾರಿದ ಜಾಗ ಖಾಲಿ ಮಾಡಿಸೋಕೆ ಬಾಡಿಗೆದಾರನಿಗೆ ಒಂದಷ್ಟು ಕೈಗಿಟ್ಟ ಹಾಗೆ. ಕೂಪನ್ನಿಗೆ ಇಟ್ಟ ದುಡ್ಡು ಹರಾಜಿನ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೈಸೂರಿನವರು ಹೇಳಿದ ಕೇಬಲ್ ಕತೆಯಲ್ಲಿ ಸರ್ಕಾರಕ್ಕೆ ಮಾರೋಕೆ ಸಿಗುವ ತರಂಗವೇ ಇರಲಿಲ್ಲ. ಕೊಡುವ ಕಾರಣವೂ ಇರಲಿಲ್ಲ.

ನಿವೃತ್ತ ಮೇಷ್ಟ್ರು, ಕಲಬುರಗಿ:

ಟೆಕ್ಸಾಸಿನವರು ಹೇಳಿದ್ದು ಚೆನ್ನಾಗಿದೆ, ಆದರೆ ಒಂದು ಮಾತು ಬಿಟ್ಟುಹೋಯಿತು. ಗಾಳಿಯಲ್ಲಿ ಬರುವ ಪ್ರಸಾರವನ್ನು ನಮ್ಮ ದೇಶದಲ್ಲೂ ನಿಲ್ಲಿಸಿದ್ದಾರೆ, ಸದ್ದಿಲ್ಲದೆ. ಆಯಕಟ್ಟಿನ ಜಾಗದ ಐವತ್ತರಷ್ಟು ಟ್ರಾನ್ಸ್‌ಮಿಟರ್ ಬಿಟ್ಟು ಉಳಿದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನೆಲ್ಲ 2022ರ ಮಾರ್ಚ್ 31ರೊಳಗೆ ಮುಚ್ಚುತ್ತೇವೆ ಅಂತ ದೂರದರ್ಶನ ನಡೆಸುವ ಪ್ರಸಾರ ಭಾರತಿಯೇ ಹೇಳಿತ್ತು. ಇದರಿಂದ 5ಜಿಯಂಥ ಹೊಸ ತಂತ್ರಜ್ಞಾನಕ್ಕೆ ತರಂಗ ಬಿಟ್ಟುಕೊಟ್ಟಂತಾಗುತ್ತದೆ ಅಂತಲೂ ಹೇಳಿಕೊಂಡಿತು. ಸುರಪುರದ ತಮ್ಮಾ, ನಿಮ್ಮವ್ವನ ಮಾಳಿಗೆ ಮೇಲಿನ ಆಂಟೆನಾ ಕೆಲಸ ನಿಲ್ಲಿಸಿದ್ದು ಕೆಟ್ಟು ಅಲ್ಲ, ಬಹುಶಃ ಇದೇ ಕಾರಣಕ್ಕೆ.

ಆಂಟೆನಾದಲ್ಲಿ ನೋಡ್ತಿದ್ದವರು ಆ ಹೊತ್ತಿಗೆ ತೀರಾ ಕಮ್ಮಿ ಇದ್ದರು, ನಿಜ. ಆದರೆ ಯಾರಿದ್ದರು? ಕೇಬಲ್ಲಿಗೆ ಕಟ್ಟೋಕೆ ಆಗದವರು, ವಯಸ್ಸಾದವರು, ಹೊಲದಾಗ ಮನೆ ಮಾಡಿಕೊಂಡವರು. ಅಮೆರಿಕದ ಲೆಕ್ಕದಲ್ಲೇ ಹೋದರೂ ಮೊದಲ ಬಾಕ್ಸ್ ಸಿಗಬೇಕಿದ್ದದ್ದು ಇವರಿಗೆ. ಟವರ್ ಬಂದ್ ಆಗೋ ಮುಂಚೆ, ಆಂಟೆನಾ ಇರುವ ಮನೆ ಎಣಿಸಿ ಕೊಟ್ಟಿದ್ದರೆ ಖರ್ಚೂ ಹೆಚ್ಚಾಗ್ತಿರಲಿಲ್ಲ. ಮಾಡಿದ್ದು ಉಲ್ಟಾ, ಟವರ್ ಮೊದಲು ಬಂದ್, ಬಾಕ್ಸ್ ಯೋಜನೆ ಒಂಬತ್ತು ತಿಂಗಳು ಕಳೆದ ಮೇಲೆ, ಅದೂ ಜಿಲ್ಲೆ ನೋಡಿ. ಆಂಟೆನಾ ಇದ್ದವರು ಚಿಕ್ಕಮಗಳೂರಲ್ಲೂ ಇದ್ದರು, ಹಾವೇರಿಯಲ್ಲೂ ಇದ್ದರು. ಅವರಿಗೆ ಏನು?

ನಮ್ಮ ಸೀಮೆಯ ಇನ್ನೊಂದು ಸಂಗತಿ ಹೇಳದೆ ಇರೋಕೆ ಆಗಲ್ಲ. ಈಗಿನ ಹುಡುಗರಿಗೆ ಗೊತ್ತಿಲ್ಲ, ಉಪಗ್ರಹದಿಂದ ನೇರ ಟಿವಿ ನೋಡಿದ ಮೊದಲಿಗರಲ್ಲಿ ನಾವೂ ಇದ್ದೆವು. 1975ರ ಆಗಸ್ಟಿನಿಂದ ಒಂದು ವರ್ಷ ಸೈಟ್ ಅಂತ ಪ್ರಯೋಗ ನಡೀತು. ನಾಸಾದ ಎಟಿಎಸ್-6 ಉಪಗ್ರಹ, ಇಸ್ರೋದ ಕೆಲಸ, ಆರು ರಾಜ್ಯಗಳ 2,400 ಹಳ್ಳಿ. ಕರ್ನಾಟಕದಿಂದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆ. ಆಗ ಯಾದಗಿರಿ, ಸುರಪುರ ಎಲ್ಲ ಗುಲ್ಬರ್ಗ ಜಿಲ್ಲೆಯೊಳಗೇ. ನಮ್ಮೂರಿಗೆ ಬರಲಿಲ್ಲ, ಪಕ್ಕದೂರಿಗೆ ಬಂದಿತ್ತು, ನಡೆದು ಹೋಗಿ ನೋಡ್ತಿದ್ದೆವು. ಕೋಳಿಗೂಡಿಗೆ ಹೊದಿಸೋ ತಂತಿ ಜಾಲರಿಯಿಂದ ಮಾಡಿದ ಡಿಶ್ಶು, ಹತ್ತಡಿ ಅಗಲ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ, ಒಕ್ಕಲುತನ, ಆರೋಗ್ಯ, ಹಾಡು. ಟಿವಿಯೂ ಸರ್ಕಾರದ್ದೇ, ಡಿಶ್ಶೂ ಸರ್ಕಾರದ್ದೇ, ರಿಪೇರಿಗೆ ಜೀಪಲ್ಲಿ ಜನ ಬರ್ತಿದ್ದರು. ಯಾರೂ ಜೆರಾಕ್ಸ್ ಕೇಳಲಿಲ್ಲ. ಜೆರಾಕ್ಸ್ ಮಷೀನೇ ಇರಲಿಲ್ಲ ಬಿಡಿ.

ತಾಳವಾಡಿ ಹುಡುಗ:

ನಾವು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಕಡೆಯವರು, ಮನೆಮಾತು ಕನ್ನಡ. ಭಾರತದಲ್ಲಿ ಸರ್ಕಾರ ಬಾಕ್ಸ್ ಕೊಟ್ಟೇ ಇಲ್ಲ ಅನ್ನೋ ಹಾಗೆ ಬರೀತಿದ್ದೀರಿ, ನಮ್ಮ ರಾಜ್ಯದಲ್ಲಿ ಕೊಟ್ಟಿದ್ದಾರೆ. ಇಲ್ಲಿ ಅರಸು ಕೇಬಲ್ ಅಂತ ಸರ್ಕಾರದ್ದೇ ನಿಗಮ ಇದೆ. 2011ರಲ್ಲಿ ಜಯಲಲಿತಾ ಕಾಲದಲ್ಲಿ ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಡೋಕೆ ಶುರು ಮಾಡಿದರು. 2017ರಲ್ಲಿ ಡಿಜಿಟಲ್ ಲೈಸೆನ್ಸ್ ಸಿಕ್ಕಿತು, ಸುಮಾರು 70 ಲಕ್ಷ ಬಾಕ್ಸ್‌ಗಳನ್ನು ಉಚಿತವಾಗಿ ಹಂಚುವ ಯೋಜನೆ ಮಾಡಿದರು.

ಆದರೆ ಉಚಿತ ಅಂದ್ರೆ ಏನು ಅಂತ ನೋಡಿ. ಬಾಕ್ಸ್ ನಿಗಮದ ಆಸ್ತಿ, ಕನೆಕ್ಷನ್ ಬಿಟ್ಟರೆ ವಾಪಸ್ ಕೊಡಬೇಕು. ತಿಂಗಳ ಚಂದಾ ಕಟ್ಟಲೇಬೇಕು. ನಾನು ತಪ್ಪು ಅಂತ ಹೇಳ್ತಿಲ್ಲ, ಬಡವರಿಗೆ ಒಂದೇ ಸಲ ಸಾವಿರ ಹೊಂದಿಸೋದಕ್ಕಿಂತ ಇದು ಎಷ್ಟೋ ವಾಸಿ. ಬಿಂಡ್ ಬಾಕ್ಸಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇ, ಅದರಲ್ಲಿ ಆಮೇಲೆ ಕಟ್ಟೋದು ಏನೂ ಇಲ್ಲ.

ಸುಮ್ನೆ ಕೇಳ್ತೀನಿ:

ಎಲ್ಲ ಓದಿದೆ. ಆದರೆ ತೆರಿಗೆ ದುಡ್ಡಲ್ಲಿ ಟಿವಿ ಬಾಕ್ಸ್ ಯಾಕೆ ಕೊಡಬೇಕು ಸ್ವಾಮಿ? ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಶಾಲೆಗೆ ಸೂರಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದರಲ್ಲೇ ನೋಡಲಿ.

ಲೆಕ್ಕದ ಗುಮಾಸ್ತ:

ಸುಮ್ನೆ ಕೇಳಿದವರಿಗೆ. ಮೊಬೈಲಿಗೆ ಡೇಟಾ ಹಾಕಿಸಬೇಕು ಸ್ವಾಮಿ, ಅದು ಪುಕ್ಕಟೆ ಬರಲ್ಲ. ಅರವತ್ತು ದಾಟಿದವರಿಗೆ ಅಂಗೈಯಗಲದ ಸ್ಕ್ರೀನಲ್ಲಿ ಸುದ್ದಿ ನೋಡು ಅನ್ನೋದು ಹೇಳೋಕೆ ಸುಲಭ. ಗಾಳಿ ಪ್ರಸಾರ ಡಿಜಿಟಲ್ ಮಾಡುವಾಗ ಬ್ರಿಟನ್ನಿನವರು ಇದನ್ನು ಬೇರೆ ತರಹ ಯೋಚಿಸಿದರು. ಎಲ್ಲರಿಗೂ ಕೂಪನ್ ಕೊಡೋದು ಬೇಡ, ತಾನೇ ಮಾಡಿಕೊಳ್ಳೋಕೆ ಆಗದವರಿಗೆ ಮಾತ್ರ ಕೊಡೋಣ ಅಂತ. 75 ದಾಟಿದವರು, ಅಂಗವಿಕಲರು, ಕಣ್ಣು ಕಾಣದವರು. ಬರೀ ಬಾಕ್ಸ್ ಅಲ್ಲ, ಮನೆಗೆ ಬಂದು ಜೋಡಿಸಿ, ರಿಮೋಟ್ ಹೇಗೆ ಒತ್ತಬೇಕು ಅಂತ ಹೇಳಿಕೊಟ್ಟು, ಆಮೇಲೂ ಒಂದು ವರ್ಷ ಫೋನಲ್ಲಿ ಸಹಾಯ. ಹೆಚ್ಚಿನವರು 40 ಪೌಂಡ್ ಕೊಡಬೇಕು, ಕಡುಬಡವರಿಗೆ ಉಚಿತ. 2007ರಲ್ಲಿ ವೈಟ್‌ಹೇವನ್ ಅನ್ನೋ ಊರಿಂದ ಶುರುವಾಗಿ 2012ರಲ್ಲಿ ಉತ್ತರ ಐರ್ಲೆಂಡಲ್ಲಿ ಮುಗೀತು. ಇದಕ್ಕೆ 603 ಮಿಲಿಯನ್ ಪೌಂಡ್ ತೆಗೆದಿಟ್ಟಿದ್ದರು, ಅದೂ ಟಿವಿ ನೋಡುವವರು ಬಿಬಿಸಿಗಾಗಿ ಕಟ್ಟುವ ಲೈಸೆನ್ಸ್ ಶುಲ್ಕದಿಂದ. ಪೂರ್ತಿ ಖರ್ಚೇ ಆಗಲಿಲ್ಲ. ನನ್ನ ಪ್ರಕಾರ ಇದೇ ಸರಿಯಾದ ದಾರಿ, ವಯಸ್ಸಾದವರಿಗೆ ಬಾಕ್ಸಿನ ಬೆಲೆಗಿಂತ ಏಣಿ ಹತ್ತುವವರು ಯಾರು ಅನ್ನೋದೇ ದೊಡ್ಡ ಪ್ರಶ್ನೆ.

ಸಬ್ಸಿಡಿ ದಾರಿ ತಪ್ಪೋದೂ ಇದೆ. ಇಟಲಿಯಲ್ಲಿ 2004ರಲ್ಲಿ ಡಿಕೋಡರ್ (ಡಿಜಿಟಲ್ ಬಾಕ್ಸ್) ಕೊಂಡವರಿಗೆ 150 ಯೂರೋ ಕೊಟ್ಟರು, ಮುಂದಿನ ವರ್ಷ 70ಕ್ಕೆ ಇಳಿಸಿದರು. ಆದರೆ ಸ್ಯಾಟಲೈಟ್ ಡಿಕೋಡರ್‌ಗೆ ಇಲ್ಲ. ಲಾಭ ಯಾರಿಗೆ? ಗಾಳಿ ಪ್ರಸಾರದ ಚಾನೆಲ್‌ಗಳಿಗೆ, ಅದರಲ್ಲಿ ದೊಡ್ಡದು ಮೀಡಿಯಾಸೆಟ್, ಆಗಿನ ಪ್ರಧಾನಿ ಬೆರ್ಲುಸ್ಕೋನಿ ಕುಟುಂಬದ ಕಂಪನಿ. 2007ರಲ್ಲಿ ಐರೋಪ್ಯ ಆಯೋಗ ಇದು ಅಕ್ರಮ ನೆರವು, ಲಾಭ ಪಡೆದ ಚಾನೆಲ್‌ಗಳಿಂದ ವಸೂಲಿ ಮಾಡಿ ಅಂತು. 2011ರಲ್ಲಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಕೊಂಡವರ ಕೈಗೆ ಹೋದ ದುಡ್ಡು ಕೊನೆಗೆ ಯಾರ ಜೇಬಿಗೆ ಸೇರಿತು ಅಂತ ಹುಡುಕಿದರು, ಅದು ಮೆಚ್ಚಬೇಕಾದ್ದು.

ಅದೇ ಕಣ್ಣಲ್ಲಿ ನಮ್ಮ ಫ್ರೀ ಡಿಶ್ ನೋಡಿ. ಪ್ರಸಾರ ಭಾರತಿ ಅದರ ಖಾಸಗಿ ಚಾನೆಲ್ ಜಾಗಗಳನ್ನು ಹರಾಜು ಹಾಕುತ್ತದೆ, ನೂರಾರು ಕೋಟಿ ಬರುತ್ತದೆ. ಹೆಚ್ಚು ಮನೆಯಲ್ಲಿ ಬಾಕ್ಸ್ ಇದ್ದಷ್ಟೂ ಜಾಗಕ್ಕೆ ಬೆಲೆ. ಆ ಬೆಲೆ ಕೊಡೋಕೆ ಆಗೋದು ದೊಡ್ಡ ಹಿಂದಿ ಮಾರುಕಟ್ಟೆ ಇರುವವರಿಗೆ. ಅದಕ್ಕೇ ಲಿಂಗಸುಗೂರಿನವರು ಹೇಳಿದ ಹಾಗೆ ಹಿಂದಿಯೇ ಜಾಸ್ತಿ. ಬಾಕ್ಸ್ ಪುಕ್ಕಟೆ ಕೊಟ್ಟು ಕನ್ನಡ ಕೊಡದಿದ್ದರೆ ಯಾದಗಿರಿಯ ಅವ್ವ ಏನು ನೋಡಬೇಕು? ಚಂದನ ಒಂದನ್ನೇ? ಸಬ್ಸಿಡಿ ಬಗ್ಗೆ ಕೇಳೋದಾದರೆ ನಾನು ಕೇಳೋದು ಬಾಕ್ಸನ್ನಲ್ಲ, ಪ್ರಾದೇಶಿಕ ಭಾಷೆಯ ಚಾನೆಲ್‌ಗಳಿಗೆ ಅಲ್ಲಿ ಅಗ್ಗದಲ್ಲಿ ಜಾಗ ಕೊಡಿ ಅಂತ.

ಸುರಪುರದವನು:

ಎಲ್ಲರಿಗೂ ಧನ್ಯವಾದ, ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಅವ್ವಗೆ ಹೇಳಿದೆ, ದುಡ್ಡು ಕೊಟ್ಟಿಲ್ಲ. ಓಣಿಯವರು ಪಂಚಾಯಿತಿಗೆ ಹೋಗಿ ಕೇಳಿದ್ದಾರೆ, ನಾವು ಯಾರನ್ನೂ ಕಳಿಸಿಲ್ಲ ಅಂದರಂತೆ. ಮೇಷ್ಟ್ರೇ, ಕೋಳಿ ಜಾಲರಿ ಡಿಶ್ಶಿನ ಬಗ್ಗೆ ಕೇಳಿದರೆ ಅವ್ವ ನಕ್ಕಳು, ಅವಳ ತವರಿನ ಕಡೆ ಇತ್ತಂತೆ, ನಾನು ಕೇಳೇ ಇರಲಿಲ್ಲ.

ನಾವೇ ಫ್ರೀ ಡಿಶ್ ಹಾಕಿಸೋದು ಅಂತ ತೀರ್ಮಾನ ಮಾಡಿದೆವು. ಸೀರಿಯಲ್ ಇಲ್ಲ ಅಂದೆ, ಪಕ್ಕದ ಮನೆಗೆ ಹೋಗಿ ನೋಡ್ತೀನಿ ಬಿಡು ಅಂದಳು. ಈಗ ಹೇಳಿ, ಡಬ್ಬಾ ಟಿವಿಗೆ ಯಾವ ಬಾಕ್ಸ್ ತಗೋಬೇಕು? ಕೇಬಲ್‌ನವರ ಹಳೇ ಬಾಕ್ಸ್ ಮನೆಯಲ್ಲೇ ಇದೆ, ಅದು ನಡೆಯುತ್ತಾ?

ಲಿಂಗಸುಗೂರು ಡಿಶ್:

ಕೇಬಲ್ ಬಾಕ್ಸ್ ನಡೆಯಲ್ಲ, ಅದು ಕೇಬಲ್ ವೈರಿನ ಸಿಗ್ನಲ್‌ಗೆ ಮಾಡಿದ್ದು. ಫ್ರೀ ಡಿಶ್‌ಗೆ ಸ್ಯಾಟಲೈಟ್ ಬಾಕ್ಸೇ ಬೇಕು. ಎಂಪೆಗ್-4 (ಚಿತ್ರ ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರೋದು ತಗೊಳ್ಳಿ. ಅಗ್ಗಕ್ಕೆ ಸಿಗೋ ಹಳೇ ಎಂಪೆಗ್-2 ಬಾಕ್ಸಲ್ಲಿ ಎಲ್ಲ ಚಾನೆಲ್ ಬರಲ್ಲ. ಹಿಂದುಗಡೆ ಹಳದಿ, ಬಿಳಿ, ಕೆಂಪು ಮೂರು ತೂತು ಇದೆಯಾ ನೋಡಿ, ಡಬ್ಬಾ ಟಿವಿಗೆ ಅದೇ ದಾರಿ. ಎಚ್‌ಡಿಎಂಐ ಮಾತ್ರ ಇರೋ ಬಾಕ್ಸ್ ತಂದರೆ ಮತ್ತೆ ಅಂಗಡಿಗೆ ಓಡಬೇಕು. ಮುಂದೆ ಹೊಸ ಟಿವಿ ತಗೊಳ್ಳೋ ಯೋಚನೆ ಇದ್ದರೆ ಡಬ್ಬಿ ಮೇಲೆ ಡಿವಿಬಿ-ಎಸ್2 ಅಂತ ಇದೆಯಾ ನೋಡಿ. ಇದ್ದರೆ ಡಿಶ್ ವೈರ್ ಸೀದಾ ಟಿವಿಗೇ, ಬಾಕ್ಸೇ ಬೇಡ.

ಉಪಗ್ರಹ ಜಿಸ್ಯಾಟ್-15, ಪೂರ್ವಕ್ಕೆ 93.5 ಡಿಗ್ರಿಯಲ್ಲಿದೆ. ನಮ್ಮ ಕಡೆಯಿಂದ ಆಗ್ನೇಯ ದಿಕ್ಕಿಗೆ, ಚೆನ್ನಾಗಿ ಮೇಲಕ್ಕೆ ಮುಖ. ಆ ಕಡೆ ಬೇವಿನ ಮರ ಇದ್ದರೆ ಡಿಶ್ ಜಾಗ ಬದಲಿಸಿ, ಎಲೆ ಅಡ್ಡ ಬಂದರೂ ಸಿಗ್ನಲ್ ಹೋಗುತ್ತದೆ. ಕೂರಿಸುವಾಗ ಬಾಕ್ಸಿನ ಮೆನುವಲ್ಲಿ ಎರಡು ಪಟ್ಟಿ ಕಾಣ್ತವೆ, ಸ್ಟ್ರೆಂತ್ ಮತ್ತೆ ಕ್ವಾಲಿಟಿ. ಸ್ಟ್ರೆಂತ್ ಸುಮ್ನೆ ವೈರ್ ಸಿಕ್ಕಿಸಿದರೂ ಏರುತ್ತದೆ, ಅದನ್ನು ನಂಬಬೇಡಿ. ಕ್ವಾಲಿಟಿ ಏರೋವರೆಗೆ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು.

ಹಾಕೋರಿಗೆ ಇನ್ನೊಂದು ಹೇಳಿ. ವೈರಿನ ತುದಿ ಸುಲಿದಾಗ ನಡುವಿನ ತಾಮ್ರದ ಕಡ್ಡಿ ಮಾತ್ರ ಮುಂದೆ ಬರಬೇಕು, ಸುತ್ತಲಿನ ಜಾಲರಿಯ ಒಂದು ಎಳೆ ಅದಕ್ಕೆ ತಾಗಿದರೂ ಚಿತ್ರ ಬರಲ್ಲ. ಮಾಳಿಗೆ ಮೇಲಿನ ಜೋಡಣೆಗೆ ಟೇಪ್ ಸುತ್ತಿಸಿ, ಇಲ್ಲಾಂದ್ರೆ ಮೊದಲ ಮಳೆಗೇ ನೀರಿಳಿದು ತುಕ್ಕು. ಆಮೇಲೆ ಚಾನೆಲ್ ಹುಡುಕುವಾಗ ರೇಡಿಯೋ ಪಟ್ಟಿ ಬಿಡಬೇಡಿ, ಆಕಾಶವಾಣಿ 48 ಸ್ಟೇಷನ್ ಅದರಲ್ಲೇ ಬರ್ತವೆ. ಸುರಪುರದ ಕಡೆ ಬಂದರೆ ನಾನೇ ಹಾಕಿಕೊಡ್ತೀನಿ, ಸಂದೇಶ ಕಳಿಸಿ. ಕೂಲಿ ಕೊಡಬೇಕು ಮತ್ತೆ, ನಾನು ಸರ್ಕಾರ ಅಲ್ಲ.